ಕೋವಿ ಇಟ್ಟುಕೊಂಡವರಿಗೆ ವಿಮೆ: ಕಳವಾದರೆ ಯಾರು ಕೊಡುತ್ತಾರೆ, ಯಾರಿಗಾದರೂ ತಗುಲಿದರೆ ಯಾರು ಕಟ್ಟಬೇಕು?

ತೋಟದಮನೆ_ತೀರ್ಥಹಳ್ಳಿ

ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಒಂದು, ಅಪ್ಪನಿಂದ ಬಂದ ಜೋಡಿ ನಳಿಗೆ ಒಂದು. ಎರಡೂ ಲೈಸೆನ್ಸ್ ಪುಸ್ತಕದಲ್ಲಿ ನಮೂದಾಗಿವೆ. ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. "ಮನೆ ಸಾಮಾನೆಲ್ಲ ಕವರ್ ಆಗುತ್ತೆ, ಕೋವಿನೂ ಸಾಮಾನೇ ಅಲ್ವಾ ಸಾರ್" ಅಂತಾರೆ ಏಜೆಂಟ್. ನಿಜವೇ? ಇನ್ನೊಂದು, ಹಂದಿ ಕಾಯುವಾಗ ಚರೆ ಹೋಗಿ ಪಕ್ಕದ ತೋಟದವರಿಗೋ ಆಳಿಗೋ ತಗುಲಿದರೆ ಆ ಹೊಣೆಗೆ ಯಾವುದಾದರೂ ಪಾಲಿಸಿ ಸಿಗುತ್ತದೆಯೇ? ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಸರ್ವೇಯರ್_ಮೈಸೂರು

ಏಜೆಂಟ್ ಹೇಳಿದ್ದು ಕಾಲು ಭಾಗ ಸರಿ. ಭಾರತ್ ಗೃಹ ರಕ್ಷಾ 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಒಕ್ಕಣೆಯಲ್ಲಿ ಮಾರುವ ಪಾಲಿಸಿ. ಕಟ್ಟಡಕ್ಕೆ ಮಾಡಿಸಿದರೆ ಒಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ, ತಾನಾಗಿ ಸೇರುತ್ತದೆ. ಆದರೆ ಇದು ಬೆಂಕಿ, ಸಿಡಿಲು, ನೆರೆ, ಭೂಕುಸಿತದಂಥ ಅವಘಡಗಳ ಪಾಲಿಸಿ. ಕಳವು ಇದರೊಳಗೆ ಬರುವುದು ಇಂಥ ಅವಘಡವೊಂದು ನಡೆದು, ಅದರಿಂದಾಗಿಯೇ, 7 ದಿನದೊಳಗೆ ಸಾಮಾನು ಹೋದರೆ ಮಾತ್ರ. ನೆರೆ ಬಂದು ಮನೆ ಬಿಟ್ಟಾಗ ಕೋವಿ ಹೋಯಿತು ಅಂದರೆ ಕೇಳಬಹುದು. ಸುಮ್ಮನೆ ರಾತ್ರಿ ಬೀಗ ಒಡೆದು ಒಯ್ದರೆ ಈ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಇಲ್ಲ.

ಕಳವಿಗೆ ಬೇಕಾದ್ದು ಬರ್ಗ್ಲರಿ ಕವರ್: ಬೇರೆ ಪಾಲಿಸಿಯಾಗಿ, ಇಲ್ಲವೇ ಹೌಸ್‌ಹೋಲ್ಡರ್ಸ್ ಪ್ಯಾಕೇಜ್ (ಮನೆಯವರಿಗೆ ಹಲವು ಕವರ್ ಒಟ್ಟಿಗೆ ಕೊಡುವ ಪಾಲಿಸಿ) ಒಂದರ ಭಾಗವಾಗಿ. ಅಲ್ಲಿಯೂ "ಗೃಹೋಪಯೋಗಿ ವಸ್ತುಗಳು" ಎಂದು ಒಟ್ಟು ಮೊತ್ತ ಬರೆಸಿ ಸುಮ್ಮನಿರಬೇಡಿ. ಶೆಡ್ಯೂಲಿನಲ್ಲಿ, ಅಂದರೆ ಪಾಲಿಸಿಯ ವಿವರ ಪಟ್ಟಿಯಲ್ಲಿ, ಕೋವಿಗೇ ಒಂದು ಸಾಲು ಇರಲಿ: ತಯಾರಕರ ಹೆಸರು, ಬೋರ್ (ನಳಿಗೆಯ ಒಳ ಅಳತೆ), ನಳಿಗೆಯ ಮೇಲಿನ ನಂಬರ್, ಲೈಸೆನ್ಸಿನ ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ), ಮೌಲ್ಯ. ಮೌಲ್ಯಕ್ಕೆ ಲೈಸೆನ್ಸ್ ಇರುವ ಆರ್ಮ್ಸ್ ಡೀಲರ್ ಕೊಟ್ಟ ಬಿಲ್ಲು ಅಥವಾ ಮೌಲ್ಯಮಾಪನ ಪತ್ರ ಬೇಕು. ಹಳೆಯ ಇಂಗ್ಲಿಷ್ ಜೋಡಿ ನಳಿಗೆಗೆ ಈ ಪತ್ರ ಇಲ್ಲದಿದ್ದರೆ ಸವಕಳಿ ಕಳೆದು ಕಬ್ಬಿಣದ ಬೆಲೆಗೆ ತಂದು ನಿಲ್ಲಿಸುತ್ತಾರೆ. ಮೊದಲೇ ಒಪ್ಪಿದ ಮೌಲ್ಯದ ಆಧಾರದಲ್ಲಿ ಮಾಡಿಸಿದರೆ ಆ ಜಗಳ ಇಲ್ಲ.

ತೋಟದಮನೆ_ತೀರ್ಥಹಳ್ಳಿ

ಸರ್, ಬೀಗ ಒಡೆಯದೆ, ಮನೆ ಕೆಲಸದವನೇ ತೆಗೆದುಕೊಂಡು ಹೋದರೆ?

ಸರ್ವೇಯರ್_ಮೈಸೂರು

ಕ್ಲೇಮ್ ಬೀಳುವುದು ಹೆಚ್ಚಾಗಿ ಅಲ್ಲೇ. ಬರ್ಗ್ಲರಿ ಎಂದರೆ ಬಲಪ್ರಯೋಗದಿಂದ ಒಳನುಗ್ಗಿದ್ದು ಅಥವಾ ಹೊರಹೋದದ್ದು. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗ ತೋರಿಸಲೇಬೇಕು, ಬರೀ ಕಳವು ಸಾಲದು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಜೊತೆಗೆ ಮನೆಯವರು, ಕೆಲಸದವರು ಶಾಮೀಲಾದ ಕಳವಿಗೆ ಬಹುತೇಕ ಪಾಲಿಸಿಗಳಲ್ಲಿ ವಿನಾಯಿತಿ ಇದೆ, ಅಂದರೆ ಕಂಪನಿ ಕೊಡುವುದಿಲ್ಲ. ಹಾಗಾಗಿ ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಬಾಗಿಲ ಮೇಲಿನ ಪಟ್ಟಿಯಲ್ಲಿಟ್ಟರೆ ಬೀಗ ಇದ್ದೂ ಇಲ್ಲದ ಹಾಗೆ. ಮಹಜರಿನಲ್ಲಿ "ಬೀರುವಿನ ಬೀಗ ಸುಸ್ಥಿತಿಯಲ್ಲಿದೆ" ಎಂದು ಬರೆದರೆ ಫೈಲು ಅಲ್ಲಿಗೇ ಮುಗಿಯಿತು. ಮಹಜರಿಗೆ ಸಹಿ ಹಾಕುವ ಮುಂಚೆ ಓದಿ. ಒಡೆದ ಚಿಲಕ, ಕಿತ್ತ ಹೆಂಚು, ಮೀಟಿದ ಕಿಟಕಿ ಸರಳು, ಏನೇ ಇದ್ದರೂ ಅದರಲ್ಲಿ ಬಂದಿರಬೇಕು.

ಕಳವು ಗೊತ್ತಾದ ಮೇಲೆ ಕ್ರಮ ಹೀಗಿರಲಿ:

1. ಅದೇ ಗಳಿಗೆಗೆ ಹತ್ತಿರದ ಠಾಣೆಗೆ. ಕಳವು ಅಥವಾ ಕಳೆದುಹೋದದ್ದನ್ನು ಕೂಡಲೇ ತಿಳಿಸುವುದು ಲೈಸೆನ್ಸಿನ ಷರತ್ತು. ತಡ ಮಾಡಿದರೆ ಆರ್ಮ್ಸ್ ಕಾಯ್ದೆ ಸೆಕ್ಷನ್ 30 ನಿಮ್ಮ ಮೇಲೇ ತಿರುಗುತ್ತದೆ: 6 ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತೋಟಾ ಹೋಗಿದ್ದರೆ ಎಣಿಕೆ ಸಹಿತ ದೂರಿನಲ್ಲಿ ಬರಲಿ.
2. ಅದೇ ದಿನ ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೆ ಲಿಖಿತ ಮಾಹಿತಿ. ಜಿಲ್ಲೆಯಲ್ಲಿ ಡಿಸಿ, ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್. ಸ್ವೀಕೃತಿ ಮುದ್ರೆ ಬಿಡಬೇಡಿ.
3. ಕಂಪನಿಗೆ ಇಮೇಲ್, ಏಜೆಂಟನಿಗೆ ಫೋನು. ಏಜೆಂಟನಿಗೆ ಫೋನ್ ಮಾಡಿದ್ದು ಮಾಹಿತಿ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ.
4. ಕೊನೆಗೆ ಬೇಕಾಗುವುದು ಸಿ ರಿಪೋರ್ಟ್, ಅಂದರೆ ಪತ್ತೆಯಾಗಿಲ್ಲ ಎಂಬ ಅಂತಿಮ ವರದಿ. ಇದು ಬರುವವರೆಗೆ ಕಂಪನಿಗಳು ಸಾಮಾನ್ಯವಾಗಿ ಹಣ ಬಿಡುವುದಿಲ್ಲ.

ಹಣ ಕೊಡುವಾಗ, ಕೋವಿ ಮುಂದೆ ಸಿಕ್ಕಿದರೆ ಮೊತ್ತ ಹಿಂತಿರುಗಿಸುತ್ತೇನೆ ಎಂಬ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಕಾರು ಸಿಕ್ಕಿದರೆ ಕಂಪನಿ ಹರಾಜು ಹಾಕುತ್ತದೆ. ಕೋವಿಯನ್ನು ಲೈಸೆನ್ಸ್ ಇಲ್ಲದ ಕಂಪನಿ ಇಟ್ಟುಕೊಳ್ಳಲಿಕ್ಕೂ ಆಗದು, ಮಾರಲಿಕ್ಕೂ ಆಗದು. ಅದಕ್ಕೇ ಈ ಮುಚ್ಚಳಿಕೆ.

ವಕೀಲೆ_ಮಡಿಕೇರಿ

ಕಳವಿಗಿಂತ ದೊಡ್ಡದು ಎರಡನೇ ಪ್ರಶ್ನೆ, ಅದನ್ನೇ ಜನ ಕೇಳುವುದಿಲ್ಲ.

ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಕೋವಿಗೆ ನಮ್ಮ ದೇಶದಲ್ಲಿ ಅಂಥ ಕಡ್ಡಾಯವಿಲ್ಲ. ಅಪಘಾತವಾದರೆ ಮೋಟಾರು ಅಪಘಾತದ ನ್ಯಾಯಮಂಡಳಿಯ ಹಾಗೆ ಬೇರೆ ಜಾಗವೂ ಇಲ್ಲ. ಗಾಯಾಳು ಅಥವಾ ಮೃತರ ಕುಟುಂಬ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ಸಾವಾಗಿದ್ದರೆ 1855ರ ಮಾರಣಾಂತಿಕ ಅಪಘಾತ ಕಾಯ್ದೆ, ಕಾಲಮಿತಿ ಸಾವಿನ ದಿನದಿಂದ 2 ವರ್ಷ. ತೀರ್ಪಾದರೆ ವಸೂಲಿ ನೇರವಾಗಿ ಕೋವಿಯವನ ತೋಟ, ಮನೆ, ಬ್ಯಾಂಕ್ ಖಾತೆಯಿಂದ. ಮಧ್ಯೆ ಯಾವ ಕಂಪನಿಯೂ ಇಲ್ಲ.

ಕ್ರಿಮಿನಲ್ ಕಡೆ ನಿರ್ಲಕ್ಷ್ಯದಿಂದ ಸಾವು ಭಾರತೀಯ ನ್ಯಾಯ ಸಂಹಿತೆ 106(1): 5 ವರ್ಷದವರೆಗೆ ಸಜೆ, ದಂಡ. ತೀವ್ರ ಗಾಯ 125(ಬಿ): 3 ವರ್ಷದವರೆಗೆ. ಇನ್ನು ಹಂದಿಗೆಂದು ದಾರಿಯಲ್ಲಿ ದಾರ ಕಟ್ಟಿ ಕೋವಿ ಹೂಡಿಡುವವರು ಇದನ್ನು ನಿರ್ಲಕ್ಷ್ಯ ಎಂದುಕೊಂಡಿದ್ದರೆ ಬಿಡಿ. ಮನುಷ್ಯರು ಓಡಾಡುವ ಜಾಗ ಎಂದು ಗೊತ್ತಿದ್ದೂ ಇಟ್ಟಿದ್ದಕ್ಕೆ ಸೆಕ್ಷನ್ 105 ಹಾಕುತ್ತಾರೆ. ಅದು ನರಹತ್ಯೆಯ ಸೆಕ್ಷನ್.

ದಂಡ, ಸಜೆ, ಕೋರ್ಟು ವಿಧಿಸುವ ಶಿಕ್ಷೆಗೆ ಯಾವ ಪಾಲಿಸಿಯೂ ಬರುವುದಿಲ್ಲ, ಬರಲೂಬಾರದು. ವಿಮೆ ಎಂದರೆ ಪರಿಹಾರದ ಮೊತ್ತ ಮತ್ತು ಕಂಪನಿ ಮೊದಲೇ ಒಪ್ಪಿದ ವಕೀಲರ ಖರ್ಚು, ಅಷ್ಟೇ.

ಕಾಫಿಕಣಿವೆ

ಮೇಡಂ, ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ? ಈ ಸೆಕ್ಷನ್ 30 ನಮಗೆ ಹೇಗೆ ಅನ್ವಯ?

ವಕೀಲೆ_ಮಡಿಕೇರಿ

ಈ ತಪ್ಪು ತಿಳಿವಳಿಕೆ ನಮ್ಮಲ್ಲಿ ತುಂಬ ಇದೆ. ಕೊಡವ ಜನಾಂಗದವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಇರುವುದು ಆರ್ಮ್ಸ್ ಕಾಯ್ದೆಯ ಸೆಕ್ಷನ್ 3 ಮತ್ತು 4ರಿಂದ ವಿನಾಯಿತಿ. ಹೊಂದುವುದಕ್ಕೆ ಲೈಸೆನ್ಸ್ ಬೇಡ ಎಂದಷ್ಟೇ ಅದರ ಅರ್ಥ. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್ 29ರಂದು ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಹಾಗೆಂದು ಕೋವಿ ಹಾರಿಸಿದ್ದಕ್ಕೆ, ತಗುಲಿಸಿದ್ದಕ್ಕೆ, ಇನ್ನೊಬ್ಬರ ಕೈಗೆ ಕೊಟ್ಟಿದ್ದಕ್ಕೆ ವಿನಾಯಿತಿ ಇಲ್ಲ. ಲೈಸೆನ್ಸೇ ಇಲ್ಲದವರಿಗೆ ಲೈಸೆನ್ಸಿನ ಷರತ್ತು ಮುರಿದ ಸೆಕ್ಷನ್ 30 ಕೂರಿಸುವುದು ಕಷ್ಟ, ಒಪ್ಪಿದೆ. ಆದರೆ ವಿನಾಯಿತಿಗೂ ಅದರದೇ ಷರತ್ತುಗಳಿವೆ. ನ್ಯಾಯ ಸಂಹಿತೆಯ 106, 125 ಎಲ್ಲರಿಗೂ ಒಂದೇ.

ಆರ್ಮ್ಸ್ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 25(9) ನೆನಪಿಡಿ: ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಯಾರಿಗೂ ತಗುಲಬೇಕೆಂದೇ ಇಲ್ಲ. ಗಂಡು ಮಗು ಹುಟ್ಟಿದಾಗ ಒಂದು, ಸಾವಿನ ಸುದ್ದಿಗೆ ಎರಡು ಗುಂಡು ಹಾರಿಸುವ ಪದ್ಧತಿ ಕೊಡಗಿನಲ್ಲಿದೆ. ಗುಂಡು, ಚರೆ ಇಲ್ಲದೆ ಬರೀ ಮದ್ದಿನ ಸದ್ದು ಮಾಡಿದರೆ ಅಪಾಯದ ಪ್ರಶ್ನೆ ಬಹಳಷ್ಟು ಇಳಿಯುತ್ತದೆ. ಪಾಯಿಂಟ್ 22 ರೈಫಲಿನಿಂದ ಆಕಾಶಕ್ಕೆ ಹೊಡೆದ ಗುಂಡು ಒಂದೂವರೆ ಕಿಲೋಮೀಟರ್ ದಾಟಬಲ್ಲದು, ಬೀಳುವ ಜಾಗ ಹೊಡೆದವನಿಗೆ ಕಾಣುವುದಿಲ್ಲ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆ ಏರ್ಪಡಿಸುವ ಸಂಘಗಳು ಗುರಿಯ ಹಿಂದೆ ಮಣ್ಣಿನ ದಿಬ್ಬ ಇದೆಯೇ ನೋಡಲೇಬೇಕು. ಅವಘಡವಾದರೆ ಹೊಡೆದವನ ಜೊತೆ ಸಂಘಟಕರನ್ನೂ ದಾವೆಯಲ್ಲಿ ಸೇರಿಸುತ್ತಾರೆ. ಕಾರ್ಯಕ್ರಮಕ್ಕೆಂದೇ ಒಂದು ದಿನದ ಪಬ್ಲಿಕ್ ಲಯಬಿಲಿಟಿ ಕವರ್ (ಹೊರಗಿನವರಿಗಾಗುವ ಹಾನಿಯ ಹೊಣೆಗೆ ವಿಮೆ) ಸಿಗುತ್ತದೆ. ಕೇಳುವಾಗ "ಕೋವಿ ಸ್ಪರ್ಧೆ" ಎಂದು ಸ್ಪಷ್ಟವಾಗಿ ಬರೆದು ಕೇಳಿ. "ಕ್ರೀಡಾಕೂಟ" ಎಂದು ಬರೆದು ಅಗ್ಗದ ಪ್ರೀಮಿಯಂ ಕಟ್ಟಿದರೆ ಕ್ಲೇಮಿನ ದಿನ ಅದೇ ಕೈಕೊಡುತ್ತದೆ.

ಸರ್ವೇಯರ್_ಮೈಸೂರು

ಪಾಲಿಸಿ ಯಾವುದಿದೆ ಎಂದು ಕೇಳಿದವರಿಗೆ: "ಕೋವಿ ಮಾಲೀಕರ ಹೊಣೆ ವಿಮೆ" ಎಂಬ ಹೆಸರಿನ ಸಿದ್ಧ ಸರಕು ನಮ್ಮ ಮಾರುಕಟ್ಟೆಯಲ್ಲಿ ನೋಡಿಲ್ಲ. ಹತ್ತಿರದ್ದು ಸ್ಪೋರ್ಟ್ಸ್ ಇನ್ಶೂರೆನ್ಸ್. ಸಾರ್ವಜನಿಕ ವಲಯದ ಕಂಪನಿಗಳ ಹಳೆಯ ಪಾಲಿಸಿ ಇದು. ಗಾಲ್ಫ್, ಟೆನಿಸ್, ಗಾಳ ಹಾಕುವುದು ಇತ್ಯಾದಿಗಳ ಪಟ್ಟಿಯಲ್ಲೇ ಕ್ರೀಡಾ ಕೋವಿ ಬಳಕೆಯೂ ಇದೆ. ಸಲಕರಣೆ ನಷ್ಟ, ಮೂರನೆಯವರಿಗೆ ಕಾನೂನು ಹೊಣೆ, ವೈಯಕ್ತಿಕ ಅಪಘಾತ ಮೂರೂ ಒಂದರಲ್ಲೇ. ಹವ್ಯಾಸಿಗಳಿಗೆ ಮಾತ್ರ, ವೃತ್ತಿಪರರಿಗಿಲ್ಲ. ಕೌಂಟರಿನಲ್ಲಿ ಕೂತವರಿಗೆ ಹೆಸರೇ ಗೊತ್ತಿರುವುದಿಲ್ಲ. ವಿಭಾಗೀಯ ಕಚೇರಿಯ ಮಿಸಲೇನಿಯಸ್ ವಿಭಾಗದವರನ್ನು ಕೇಳಿ. ರೈಫಲ್ ಕ್ಲಬ್ಬಿನ ಸದಸ್ಯರಿಗೆ ಚೆನ್ನಾಗಿ ಹೊಂದುತ್ತದೆ, ಬೆಳೆ ರಕ್ಷಣೆ ಕೋವಿಗೆ ಹೊಂದುವುದಿಲ್ಲ. ಹಂದಿ ಓಡಿಸುವುದು ಕ್ರೀಡೆ ಅಲ್ಲ.

ತೋಟದವರಿಗೆ ಇರುವ ದಾರಿ ಹೌಸ್‌ಹೋಲ್ಡರ್ಸ್ ಪ್ಯಾಕೇಜಿನ ಪಬ್ಲಿಕ್ ಲಯಬಿಲಿಟಿ ಭಾಗ. ಪ್ರಸ್ತಾವ ಅರ್ಜಿಯ ಜೊತೆ ಪತ್ರ ಬರೆಯಿರಿ: "ನನ್ನ ಬಳಿ ಇಂಥ ನಂಬರಿನ ಕೋವಿ ಇದೆ, ಮನೆ ಮತ್ತು ಇಂಥ ಸರ್ವೆ ನಂಬರಿನ ತೋಟದಲ್ಲಿ ಕಾನೂನುಬದ್ಧ ಬಳಕೆಯಿಂದ ಮೂರನೆಯವರಿಗಾಗುವ ಹಾನಿ ಸೇರಿದೆಯೇ, ಲಿಖಿತವಾಗಿ ತಿಳಿಸಿ." ಒಪ್ಪಿದರೆ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರುವ ಲಿಖಿತ ನಮೂದು, ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಇಲ್ಲ ಎಂದಾದರೂ ಗೊತ್ತಾಗುತ್ತದೆ. ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಎರಡು ಮಿತಿಗಳನ್ನೂ ನೋಡಿ. ಎಚ್ಚರ, ಏಜೆಂಟರು ಕೆಲವೊಮ್ಮೆ 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯ ಪಾಲಿಸಿ ತಂದು ಕೊಡುತ್ತಾರೆ. ಅದು ಕಾರ್ಖಾನೆಗಳ ಅಪಾಯಕಾರಿ ವಸ್ತುಗಳಿಗೆ, ಕೋವಿಗೂ ಅದಕ್ಕೂ ಸಂಬಂಧವಿಲ್ಲ.

ಎಸ್ಟೇಟ್_ರೈಟರ್

ಆಳುಗಳ ವಿಷಯ ಯಾರೂ ಎತ್ತಲಿಲ್ಲ. ಪಬ್ಲಿಕ್ ಲಯಬಿಲಿಟಿಯಲ್ಲಿ ಸ್ವಂತ ನೌಕರರು "ಮೂರನೆಯವರು" ಅಲ್ಲ, ಮನೆಯವರೂ ಅಲ್ಲ. ಕೆಲಸದ ಹೊತ್ತಿನಲ್ಲಿ ರೈಟರಿಗೋ ವಾಚರಿಗೋ ತಗುಲಿದರೆ ಅದು 1923ರ ನೌಕರರ ಪರಿಹಾರ ಕಾಯ್ದೆಯ ವ್ಯಾಪ್ತಿ. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಮಾಲೀಕರ ತಪ್ಪು ಇತ್ತೇ ಎಂದು ಅಲ್ಲಿ ಕೇಳುವುದೇ ಇಲ್ಲ. ಸಾವಾದರೆ ಲೆಕ್ಕ: ತಿಂಗಳ ಸಂಬಳದ ಅರ್ಧ ಗುಣಿಸು ವಯಸ್ಸಿನ ಗುಣಕ. 2020ರ ಜನವರಿಯಲ್ಲಿ ಲೆಕ್ಕದ ಸಂಬಳದ ಮಿತಿ 15,000ಕ್ಕೆ ಏರಿತು. 35 ವರ್ಷದವನಿಗೆ ಗುಣಕ 197.06, ಅಂದರೆ 7,500 × 197.06 = 14,77,950 ರೂಪಾಯಿ. ತಡವಾದರೆ ಶೇ. 12 ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ ಶೇ. 50ರವರೆಗೆ ದಂಡ. ಬಡ್ಡಿಯವರೆಗೆ ಕಂಪನಿ ಕೊಟ್ಟೀತು, ದಂಡ ಮಾಲೀಕನ ಜೇಬಿಂದಲೇ.

ಇದಕ್ಕೆ ವರ್ಕ್‌ಮೆನ್ ಪಾಲಿಸಿ ಇದೆ. ಪ್ರೀಮಿಯಂ ಲೆಕ್ಕ ಸಂಬಳ ಮತ್ತು ಕೆಲಸದ ಸ್ವರೂಪದ ಮೇಲೆ. ರಾತ್ರಿ ಕಾವಲಿನವನನ್ನು "ತೋಟದ ಕೂಲಿ" ಎಂದು ತೋರಿಸಿ ಹಣ ಉಳಿಸುವುದು ಸಾಮಾನ್ಯ. ಹಾಗೆ ಮಾಡಬೇಡಿ.

ಕಾಫಿಕಣಿವೆ

ಕಾವಲಿನವನ ಕೈಗೆ ಮಾಲೀಕನ ಕೋವಿ ಕೊಟ್ಟು ಕಳಿಸುವುದು ಎಲ್ಲ ಕಡೆ ನಡೆಯುತ್ತದೆ ಅಣ್ಣ. ಅದಕ್ಕೇನು ಮಾಡುವುದು?

ವಕೀಲೆ_ಮಡಿಕೇರಿ

ನಡೆಯುತ್ತದೆ, ಹಿಡಿದಾಗ ಇಬ್ಬರೂ ಒಳಗೆ ಹೋಗುತ್ತಾರೆ. ಲೈಸೆನ್ಸ್ ಇಲ್ಲದವನು ಬೇರೆಯವರ ಕೋವಿ ಒಯ್ಯಬಹುದಾದ ಸಂದರ್ಭಗಳನ್ನು ಸೆಕ್ಷನ್ 3 ಹೆಸರಿಸಿದೆ: ಲೈಸೆನ್ಸ್‌ದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅನುಮತಿಯೊಂದಿಗೆ, ಅದೂ ರಿಪೇರಿಗೆ, ನವೀಕರಣಕ್ಕೆ, ಅಥವಾ ಲೈಸೆನ್ಸ್‌ದಾರ ತಾನೇ ಬಳಸುವುದಕ್ಕಾಗಿ. ವಾಚರ್ ಒಬ್ಬನೇ ರಾತ್ರಿ ಕೋವಿ ಹೊತ್ತು ತಿರುಗುವುದು ಇದರಲ್ಲಿಲ್ಲ. ಅವನ ಮೇಲೆ 25(1ಬಿ), ಈಗ ಕನಿಷ್ಠ 2 ವರ್ಷ, 5 ವರ್ಷದವರೆಗೆ. ಕೊಟ್ಟವನ ಮೇಲೆ ಸೆಕ್ಷನ್ 29. ಕಾನೂನು ದಾರಿ ಬೇಕಿದ್ದರೆ ಅವನನ್ನು ರಿಟೇನರ್ (ಲೈಸೆನ್ಸ್‌ದಾರನ ಪರವಾಗಿ ಕೋವಿ ಒಯ್ಯುವವನು) ಎಂದು ಲೈಸೆನ್ಸಿನಲ್ಲಿ ಸೇರಿಸಲು ಅರ್ಜಿ ಹಾಕಬೇಕು.

ವಿಮೆಗೂ ಏಟು ಇಲ್ಲೇ ಬೀಳುವುದು. ಪಾಲಿಸಿ ಕಾನೂನುಬದ್ಧ ಬಳಕೆಗೆ. ಲೈಸೆನ್ಸ್ ಇಲ್ಲದವನ ಕೈಯಲ್ಲಿದ್ದ ಕೋವಿ, ನವೀಕರಣ ಆಗದ ಲೈಸೆನ್ಸ್, ಕಾಡಿನಂಚಿನಲ್ಲಿ ಅನುಮತಿ ಇಲ್ಲದ ಬೇಟೆ, ಇವುಗಳಲ್ಲಿ ಯಾವುದು ಇದ್ದರೂ ಕಂಪನಿಗೆ ನಿರಾಕರಿಸಲು ಸಾಕು. ಬೆಳೆ ರಕ್ಷಣೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹಂದಿ ಹೊಡೆಯಲು ಪರವಾನಗಿ ಸಿಕ್ಕಂತಲ್ಲ. 1972ರ ವನ್ಯಜೀವಿ ಕಾಯ್ದೆಯ ಅನುಮತಿ ಬೇರೆಯೇ.

ಹಳೆನಳಿಗೆ

ಸದ್ಯ ಎಲ್ಲರೂ ಕಾಗದದ ಮಾತಾಡಿದಿರಿ. ಕಂಪನಿ ಎತ್ತುವ ಇನ್ನೊಂದು ತಕರಾರು "ಸಾಕಷ್ಟು ಎಚ್ಚರ ವಹಿಸಿಲ್ಲ" ಎಂಬುದು. ದೋಷ ಗೊತ್ತಿದ್ದೂ ಬಳಸಿದರೆ ಅದು ನಿಲ್ಲುತ್ತದೆ. ಹಳೆಯ ಕೋವಿಗಳಲ್ಲಿ ಕೆಡುವುದು ಇಂಥವು:

ಮೊದಲು ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಭಾಗದ, ಉದ್ದ. ಹಳೆಯ ಇಂಗ್ಲಿಷ್ ಹನ್ನೆರಡು ಬೋರಿನ ಅನೇಕ ಕೋವಿಗಳು ಎರಡೂವರೆ ಇಂಚಿನವು, ಅಂದರೆ 65 ಮಿ.ಮೀ. ತೋಟಾದವು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 70 ಮಿ.ಮೀ. ಹೊಡೆಯುವ ಮುಂಚಿನ ತೋಟಾ ಆ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ, ಅದಕ್ಕೇ ಮೋಸ ಹೋಗುವುದು. ಹೊಡೆದಾಗ ತೋಟಾದ ತುದಿಯ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿ ಬಿಚ್ಚಿ ನಳಿಗೆಯ ಅಡಿಯ ಚಪ್ಪಟೆ ಭಾಗದ ಗುರುತು ಓದಿ. ಗುರುತು ಅಳಿಸಿದ್ದರೆ ಗನ್‌ಸ್ಮಿತ್ ಹತ್ತಿರ ಗೇಜು ಹಾಕಿಸಿ. ನಳಿಗೆಯ ಮೈಮೇಲೆ ಸುರುಳಿ ಗೆರೆ ಕಂಡರೆ ಡಮಾಸ್ಕಸ್ ನಳಿಗೆ, ಹೊಗೆರಹಿತ ಮದ್ದಿನ ತೋಟಾ ಅದಕ್ಕೆ ಬೇಡ.

ಎರಡನೆಯದು, ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನಲ್ಲಿ ಹಾಕಿದರೆ ಜಾರಿ ನಳಿಗೆಯ ಮುಂದಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದೆ ಹನ್ನೆರಡರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿದು ಎಡಗೈ ಬೆರಳು ಹೋಗುತ್ತದೆ. ಎರಡು ಬೋರಿನ ಕೋವಿ ಇರುವ ಮನೆಯಲ್ಲಿ ತೋಟಾ ಬೇರೆ ಬೇರೆ ಡಬ್ಬದಲ್ಲಿರಲಿ.

ಮೂರನೆಯದು ಕೇಪಿನ ಕೋವಿ, ಅಂದರೆ ಮದ್ದು ತುಂಬಿ, ಸುತ್ತಿಗೆಯ ಏಟಿಗೆ ಸಿಡಿಯುವ ಚಿಕ್ಕ ಕೇಪು ಇಟ್ಟು ಹೊಡೆಯುವಂಥದ್ದು. ಕೇಪು ಹಾಕಿಯೇ ಗೋಡೆಗೆ ಒರಗಿಸುವ ಅಭ್ಯಾಸ. ಕೋವಿ ಬಿದ್ದು ಸುತ್ತಿಗೆಗೆ ಏಟು ತಾಗಿದರೆ ಸಿಡಿಯುತ್ತದೆ. ಅರ್ಧ ಎತ್ತಿದ ಸ್ಥಿತಿಯಲ್ಲಿ ಹಿಡಿದಿಡುವ ಹಲ್ಲು ಸವೆದಿದ್ದರೆ ಬೀಳುವುದೂ ಬೇಡ. ಪರೀಕ್ಷೆ ಸುಲಭ: ಖಾಲಿ ಕೋವಿಯಲ್ಲಿ, ಮದ್ದೂ ಕೇಪೂ ಇಲ್ಲವೆಂದು ಖಚಿತ ಮಾಡಿಕೊಂಡು, ಸುತ್ತಿಗೆಯನ್ನು ಅರ್ಧ ಎತ್ತಿ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಜಾರಿದರೆ ರಿಪೇರಿ ಆಗುವವರೆಗೆ ಮುಟ್ಟಬೇಡಿ. ರಿಪೇರಿ ಲೈಸೆನ್ಸ್ ಇರುವವರ ಹತ್ತಿರ ಮಾತ್ರ, ರಸೀದಿ ಸಹಿತ. ಊರಿನ ಕಮ್ಮಾರ ಮಾಡಿದ ಬೆಸುಗೆ ಕೆಲಸ ಸರ್ವೇಯರ್ ಕಣ್ಣಿಗೆ ಬಿದ್ದರೆ ಏನು ಬರೆಯುತ್ತಾರೆ, ಅವರೇ ಹೇಳಲಿ.

ಸರ್ವೇಯರ್_ಮೈಸೂರು

"ಅನಧಿಕೃತ ಮಾರ್ಪಾಡು" ಎಂದು ಬರೆಯುತ್ತೇವೆ. ಸವೆತ, ತಯಾರಿಕೆಯ ದೋಷ, ತಾನಾಗಿ ಕೆಟ್ಟದ್ದು ವಸ್ತುವಿನ ಕವರಿನಲ್ಲಿ ಮೊದಲಿಂದಲೂ ಇಲ್ಲ.

ತೋಟದಮನೆ_ತೀರ್ಥಹಳ್ಳಿ

ಕೇಸಿಲ್ಲದೆ ಊರಿನವರೇ ಕೂತು ಆಸ್ಪತ್ರೆ ಖರ್ಚು ಕೊಡಿಸಿ ಮುಗಿಸುವುದಿದೆಯಲ್ಲ, ಅದರಿಂದ ಪಾಲಿಸಿಗೆ ತೊಂದರೆಯೇ?

ವಕೀಲೆ_ಮಡಿಕೇರಿ

ತೊಂದರೆ ಇದೆ. ಹೊಣೆ ಪಾಲಿಸಿಯಲ್ಲಿ "ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ರಾಜಿ, ಪಾವತಿ ಮಾಡಬಾರದು" ಎಂಬ ಷರತ್ತು ಇರುತ್ತದೆ. ಪಂಚಾಯಿತಿಯಲ್ಲಿ "ನನ್ನದೇ ತಪ್ಪು, 2 ಲಕ್ಷ ಕೊಡುತ್ತೇನೆ" ಎಂದು ಛಾಪಾ ಕಾಗದದಲ್ಲಿ ಬರೆದುಕೊಟ್ಟರೆ ಆ 2 ಲಕ್ಷವೂ ಕಂಪನಿಯಿಂದ ಬರದು, ಆ ಕಾಗದವೇ ಕ್ರಿಮಿನಲ್ ಕೇಸಿನಲ್ಲಿ ಎದುರು ನಿಲ್ಲುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಖರ್ಚು ಕೊಡಿ, ಅದು ಮನುಷ್ಯತ್ವ. ರಸೀದಿಯಲ್ಲಿ "ಮಾನವೀಯ ನೆರವು" ಎಂದಿರಲಿ. ಹಳ್ಳಿಯಲ್ಲಿ ರಾಜಿಯಾದ ಮಾತ್ರಕ್ಕೆ ಸೆಕ್ಷನ್ 106 ಮುಗಿಯುವುದಿಲ್ಲ, ಅದು ರಾಜಿಯಾಗುವ ಅಪರಾಧ ಅಲ್ಲ. ಗುಂಡೇಟು ಎಂದರೆ ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗಿಯೇ ಹೋಗುತ್ತದೆ.

ಸ್ಯಾನ್‌ಹೋಸೆ_ಕನ್ನಡಿಗ

ಇಲ್ಲಿ ನಮ್ಮೂರು ಸ್ಯಾನ್ ಹೋಸೆಯಲ್ಲಿ 2023ರ ಜನವರಿ 1ರಿಂದ ಕೋವಿ ಇರುವವರಿಗೆ ಹೊಣೆ ವಿಮೆ ಕಡ್ಡಾಯ, ಅಮೆರಿಕದಲ್ಲೇ ಮೊದಲ ಊರು. ಬೇರೆ ಪಾಲಿಸಿ ಬೇಕಿಲ್ಲ, ಮನೆ ಅಥವಾ ಬಾಡಿಗೆದಾರರ ಪಾಲಿಸಿಯಲ್ಲಿ ಆಕಸ್ಮಿಕ ಬಳಕೆಯ ಹೊಣೆ ಸೇರಿದ್ದರೆ ಸಾಕು. ಅದರ ವಿವರ ತುಂಬಿದ ನಮೂನೆಯನ್ನು ಕೋವಿ ಜೊತೆಗೇ ಇಟ್ಟಿರಬೇಕು. ಎರಡು ಮಾತು ಇಲ್ಲಿನ ಕನ್ನಡಿಗರಿಗೆ: ಬೇಕೆಂದೇ ಮಾಡಿದ ಹಾನಿಗೆ ಈ ಪಾಲಿಸಿ ಕೊಡುವುದಿಲ್ಲ. ಕೋವಿ ಕಳವಿಗೆ ಹಲವು ಪಾಲಿಸಿಗಳಲ್ಲಿ 2,500 ಡಾಲರಿನ ಒಳಮಿತಿ ಇರುತ್ತದೆ, ಹೆಚ್ಚು ಬೆಲೆಯದ್ದಾದರೆ ಬೇರೆ ನಮೂದು ಮಾಡಿಸಿ. ಇನ್ನು ಎಚ್-1ಬಿಯಲ್ಲಿರುವವರು ವಿಮೆಗೂ ಮುಂಚೆ ಒಂದು ವಿಷಯ ನೋಡಿ. ಫೆಡರಲ್ ಕಾನೂನಿನಲ್ಲಿ ವಲಸೆಯೇತರ ವೀಸಾದವರಿಗೆ ಕೋವಿ ಹೊಂದುವುದೇ ನಿಷಿದ್ಧ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ. ಗೆಳೆಯನ ಜೊತೆ ರೇಂಜಿಗೆ ಹೋಗುವ ಮುಂಚೆ ವಕೀಲರನ್ನು ಕೇಳಿ.

ಎಸ್ಟೇಟ್_ರೈಟರ್

ಕಡಿಮೆ ಖರ್ಚಿನದ್ದು ಒಂದು: ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. 18ರಿಂದ 70 ವಯಸ್ಸಿನ ಎಲ್ಲ ಆಳುಗಳಿಗೂ ಬ್ಯಾಂಕಿನಲ್ಲಿ ಮಾಡಿಸಿಡಿ. ಗುಂಡೇಟಿನ ಆಕಸ್ಮಿಕ ಸಾವೂ ಅಪಘಾತವೇ, ಆತ್ಮಹತ್ಯೆ ಮಾತ್ರ ಬರುವುದಿಲ್ಲ. ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಕ್ಲೇಮ್ ಆಗದು. ಊರಲ್ಲೇ ಮುಚ್ಚಿಹಾಕಿದರೆ ಈ 2 ಲಕ್ಷವೂ ಹೋಯಿತು.

ತೋಟದಮನೆ_ತೀರ್ಥಹಳ್ಳಿ

ಎಲ್ಲರಿಗೂ ಧನ್ಯವಾದ. ಕೊನೆಯದು: ಅಪ್ಪನ ಜೋಡಿ ನಳಿಗೆ ಈಗ ನನ್ನ ಹೆಸರಿನಲ್ಲಿ. ತಮ್ಮನ ಹೆಸರಿಗೆ ಮಾಡಿಸುವುದಾದರೆ ಪಾಲಿಸಿ ಜೊತೆಗೆ ಹೋಗುತ್ತದೆಯೇ?

ಸರ್ವೇಯರ್_ಮೈಸೂರು

ಹೋಗುವುದಿಲ್ಲ. ತಮ್ಮನ ಲೈಸೆನ್ಸಿನಲ್ಲಿ ನಮೂದಾದ ದಿನದಿಂದ ನಿಮ್ಮ ಪಾಲಿಸಿಯ ಆ ಸಾಲು ಸತ್ತಂತೆ. ತಮ್ಮನ ಪಾಲಿಸಿಯಲ್ಲಿ ಹೊಸದಾಗಿ ಬರಬೇಕು. ನಿಮ್ಮಲ್ಲಿ ಉಳಿದ ಅವಧಿಯ ಪ್ರೀಮಿಯಂ ಹಿಂದಕ್ಕೆ ಕೇಳಿ. ಮಧ್ಯೆ ಡೀಲರ್ ಬಳಿ ಅಥವಾ ಠಾಣೆಯಲ್ಲಿ ಠೇವಣಿ ಇಟ್ಟಿದ್ದರೆ, ಚುನಾವಣೆ ವೇಳೆ ಇಟ್ಟಾಗಲೂ ಅಷ್ಟೇ, ಕೋವಿ ಇರುವ ಜಾಗ ಬದಲಾಗಿದೆ ಎಂದು ಕಂಪನಿಗೆ ಒಂದು ಇಮೇಲ್ ಹಾಕಿ, ರಸೀದಿಯ ಫೋಟೋ ಲಗತ್ತಿಸಿ. ಬರ್ಗ್ಲರಿ ಪಾಲಿಸಿ ವಿಳಾಸಕ್ಕೆ ಅಂಟಿಕೊಂಡದ್ದು.

ವಕೀಲೆ_ಮಡಿಕೇರಿ

ವರ್ಗಾವಣೆಗೆ ತಮ್ಮನ ಬಳಿ ಎಷ್ಟು ಕೋವಿ ಇದೆ ಮೊದಲು ನೋಡಿ. 2019ರ ಡಿಸೆಂಬರ್ 14ರಿಂದ ಒಬ್ಬರಿಗೆ ಎರಡೇ, ಪಿತ್ರಾರ್ಜಿತವೂ ಆ ಎರಡರೊಳಗೇ ಲೆಕ್ಕ. ಲೈಸೆನ್ಸ್ ಅವಧಿ ಈಗ 5 ವರ್ಷ. ಕಂಪನಿ ಕ್ಲೇಮ್ ನಿರಾಕರಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. ಉತ್ತರ ಒಪ್ಪಿಗೆಯಾಗದಿದ್ದರೆ ಅಂದಿನಿಂದ 1 ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರು, ಶುಲ್ಕವಿಲ್ಲ, ವಕೀಲರೂ ಬೇಡ.